ನಾನೂರ ಹನ್ನೆರಡು ಜನಕ್ಕೆ ಹೋದ ಹಾಡು

ಲಾಂಡ್ರಿ ಮೆಷಿನ್ನಿನ ದುಂಡು ಗಾಜಿನಾಚೆ ಕಪ್ಪು ಅಂಗಿಗಳು ಸುತ್ತುತ್ತಿವೆ, ಏಳು ಊರಿನ ಬೆವರೆಲ್ಲ ಒಂದೇ ನೊರೆಯಲ್ಲಿ, ಡ್ರಮ್ಮಿನವನ ಕಾಲುಚೀಲ ಗಾಜಿಗೆ ಅಂಟಿ ಮತ್ತೆ ಮುಳುಗಿತು, ಇನ್ನು ಇಪ್ಪತ್ತೆರಡು ನಿಮಿಷ ಅಂತ ಮೆಷಿನ್ನು ತೋರಿಸುತ್ತಿದೆ, ಅಷ್ಟರೊಳಗೆ ಅಭಿಮಾನಿಗಳಿಗೆ ಪತ್ರ ಹೋಗಬೇಕು — ಪ್ರೀತಿಯ ಗೆಳೆಯರೇ, ಛೆ, ಬೀಳ್ಕೊಡುಗೆ ಭಾಷಣದ ಹಾಗಾಯಿತು, ಅಳಿಸು — ನಮಸ್ಕಾರ ನಮಸ್ಕಾರ, ಬ್ಯಾಂಡಿನ ಸುದ್ದಿ ತಂದಿದ್ದೀನಿ, ಎಂಟು ಹಾಡು ರೆಕಾರ್ಡ್ ಆಯ್ತು, ಹಾಸಿಗೆ ಅಂಗಡಿಯ ಹಿಂದಿನ ಕೋಣೇಲಿ, ಸದ್ದು ಹೊರಗೆ ಹೋಗದ ಹಾಗೆ ಗೋಡೆಗೆಲ್ಲ ಹಾಸಿಗೆ ಒರಗಿಸಿ, ಬೇಸ್ ನುಡಿಸೋ ನಮ್ಮ ಮೌನಿ ಎರಡು ಸಲ ಗೊರಕೆ ಹೊಡೆದ, ಒಂದು ಗೊರಕೆ ತಾಳಕ್ಕೆ ಸರಿಯಾಗಿತ್ತು — ಬೆರಳು ಬಾಯಿಗಿಂತ ಜೋರಾಗಿ ಓಡುತ್ತದೆ ಬ್ಯಾಂಡಿನ ಪತ್ರ ಬರೆಯುವ ಇವಳದು, ಸುಮ್ಮನೆ ಬಾಯಿಬಡುಕಿ ಅಂತ ಹೆಸರಿಟ್ಟನೇ ಡ್ರಮ್ಮಿನವನು — ಟೂರು: ಏಳು ಊರು ಮುಗೀತು, ಮುಂದೆ, ಮುಂದೆ ಅನ್ನುವಲ್ಲಿ ಬೆರಳು ನಿಂತಿತು. ಮುಂದೆ ಅನ್ನುವುದು ಇದೆಯೋ ಇಲ್ಲವೋ ಹಾಡುವ ಅಕ್ಕನಿಗೇ ಗೊತ್ತು, ಅವಳು ಹೊರಗೆ ವ್ಯಾನಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಕೇಳಲು ಇವಳಿಗೆ ಧೈರ್ಯ ಸಾಲದು, ಯಾಕೆಂದರೆ ಹೋದ ಪತ್ರದಲ್ಲಿ ಇವಳು ಮಾಡಿದ್ದು ಅಂಥ ಘನಂದಾರಿ ಕೆಲಸ, ಹೊಸ ಹಾಡು ಕೇಳಿ ಅಂತ ಕುಣಿಯುತ್ತ ಬರೆದು ಜೊತೆಗೆ ಕಳಿಸಿದ್ದು ತಿದ್ದಿ ಸಿದ್ಧವಾದ ಹಾಡನ್ನಲ್ಲ, ಕಚ್ಚಾ ರೆಕಾರ್ಡಿಂಗು, ಹಾಡು ಮುಗಿದರೂ ಮೈಕು ಆರಿಸಿರಲಿಲ್ಲ, ಅಕ್ಕ ರೆಕಾರ್ಡಿಂಗ್ ಅಣ್ಣನಿಗೆ ಮೆಲ್ಲಗೆ ಹೇಳುತ್ತಾಳೆ, ಈ ಟೂರ್ ಆದ್ಮೇಲೆ ಬಿಟ್ಬಿಡ್ತೀನಣ್ಣ, ಲೈಟು ಕಣ್ಣಿಗೆ ಹೊಡೆಯತ್ತೆ, ಎದುರಿಗೆ ಬರೀ ಕತ್ತಲೆ, ಒಂದು ಮುಖ ಕಾಣಲ್ಲ, ಗೋಡೆಗೆ ಹಾಡಿದ ಹಾಗಾಗತ್ತೆ, ನಮ್ಮವರಿಗೆ ಮಾತ್ರ ಹೇಳ್ಬೇಡಿ. ನಮ್ಮವರಿಗೆ ಯಾರೂ ಹೇಳಲಿಲ್ಲ, ನಾನೂರ ಹನ್ನೆರಡು ಅಭಿಮಾನಿಗಳಿಗೆ ಹೋಯಿತು. ಗೊತ್ತಾಗುವಾಗ ಒಂದು ತಾಸು ಕಳೆದಿತ್ತು, ಆ ಕ್ಷಣವೇ ಇನ್ನೊಂದು ಪತ್ರ, ತಪ್ಪಾಯ್ತು, ಅಳಿಸಿಬಿಡಿ, ದಯವಿಟ್ಟು ಯಾರಿಗೂ ಹೇಳಬೇಡಿ, ಅದಕ್ಕೆ ಒಬ್ಬ ನರ್ಸಮ್ಮನ ಉತ್ತರ, ಅಳಿಸಿದ್ದೀನಿ ಕಣಮ್ಮ, ಕೇಳಿದ್ದನ್ನ ಹೇಗೆ ಅಳಿಸ್ಲಿ.

ಮತ್ತೆ ಯಾರೂ ಹೇಳಲಿಲ್ಲ, ಎಲ್ಲೂ, ಒಂದಕ್ಷರ, ಚೂರು ಸುದ್ದಿ ಸಿಕ್ಕರೆ ಊರೆಲ್ಲ ಡಂಗುರ ಸಾರುವ ಕಾಲದಲ್ಲಿ ಅಷ್ಟು ಜನ ತುಟಿ ಹೊಲಿದುಕೊಂಡರು, ಮುಖ ನೋಡದ ಒಬ್ಬ ಬಾಯಿಬಡುಕಿಗೋಸ್ಕರ, ಅವರ ಕಾಲು ಎಲ್ಲಿದೆ ಹೇಳಿ ಹಿಡಿದುಕೊಳ್ಳುತ್ತೇನೆ ಅನ್ನಿಸುತ್ತದೆ, ಅಷ್ಟೇ ಆಗಿದ್ದರೂ ಸಾಕಿತ್ತು, ಆದರೆ ಮುಂದಿನ ಊರಲ್ಲಿ ಶೋ ಶುರುವಾದರೂ ಜನ ಕೂತಿದ್ದ ಹಾಲ್‌ನ ಲೈಟು ಆರಲಿಲ್ಲ, ಇವಳು ಲೈಟಿನವನ ಹತ್ತಿರ ಓಡಿದರೆ ಅವನಂದ, ಯಾರೋ ನರ್ಸಮ್ಮ ಬಂದು ಆರಿಸ್ಬೇಡ ಅಂತ ಹೇಳಿದ್ರು, ಆರಿಸಿದ್ರೆ ಇಂಜೆಕ್ಷನ್ ಕೊಡ್ತೀನಿ ಅಂದ್ರು, ನಿಮ್ಮ ಕಡೆಯವರೇ ಅಂದ್ಕೊಂಡೆ. ಅಕ್ಕ ಮೈಕಿನ ಮುಂದೆ ಬಂದವಳು ಹಣೆಗೆ ಕೈ ಅಡ್ಡ ಹಿಡಿದು ನಿಂತಳು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸುಮ್ಮನೆ ನೋಡಿದಳು, ಮೌನಿ ಅದೇ ಸ್ವರವನ್ನು ಎಂಟು ಸಲ ನುಡಿಸಿ ಕಾದ, ಆಮೇಲೆ ಹಾಡಿದಳಲ್ಲ, ಅಬ್ಬಾ. ಅದರ ಮುಂದಿನ ಊರಲ್ಲೂ ಲೈಟು ಆರಲಿಲ್ಲ, ಅಲ್ಲಿ ಹೇಳಿದವನು ಬಸ್ ಕಂಡಕ್ಟರು, ಮತ್ತೊಂದು ಊರಲ್ಲಿ ಅವಳಿ ಸೋದರಿಯರು, ಎಲ್ಲ ಕಡೆಯೂ ಅಕ್ಕ ಹಣೆಗೆ ಕೈ ಅಡ್ಡ ಹಿಡಿದು, ಮೊದಲ ಸಾಲು, ಎರಡನೆಯ ಸಾಲು — ಫೋನು ಗುರ್ ಅಂದಿತು, ಅಕ್ಕನದೇ ಮೆಸೇಜು, ಇಪ್ಪತ್ತು ಹೆಜ್ಜೆ ದೂರದಿಂದ, ಸೋಮಾರಿ: ಇನ್ನೂ ನಾಲ್ಕು ಊರು ಒಪ್ಕೊಂಡೆ ಕಣೇ, ಪತ್ರದಲ್ಲಿ ಹಾಕು, ಹಾಲ್‌ನಲ್ಲಿ ಲೈಟ್ ಆರಿಸಬಾರದು ಅಂತಾನೂ ಹಾಕು. ಅಯ್ಯೋ ಬಿಡಲ್ಲ, ಅಕ್ಕ ಬಿಡಲ್ಲ, ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಜ್ಜನನ್ನು ನೋಡಿ ಹಲ್ಲು ಕಿರಿದಳು, ಅವರೂ ಪಾಪ ಕಿರಿದರು, ಬೆರಳು ಮತ್ತೆ ಓಡಿತು, ಮುಂದೆ ನಾಲ್ಕು ಊರು, ಲೈಟು ಆರಿಸಬೇಡಿ, ನಿಮ್ಮ ಉಪಕಾರ ನಾವು, ನಾವು ಅಲ್ಲ, ನಾನು — ಅಕ್ಕನಿಗೆ ಇವತ್ತು ಹೇಳಿಬಿಡಬೇಕು, ಬೈಯಲಿ, ಎರಡು ಏಟು ಕೊಡಲಿ, ಆ ಲೈಟು ತಾನಾಗಿ ಉಳಿಯಲಿಲ್ಲ ಕಣೇ ಅಂತ — ಕಳಿಸುವ ಮುಂಚೆ ವಿಳಾಸದ ಪಟ್ಟಿ ಒಂದು ಸಲ ನೋಡಿಬಿಡೋಣ, ಈ ಸಲ ತಪ್ಪಬಾರದು, ಹೊಸಬರೆಲ್ಲ ಕೆಳಗಿರುತ್ತಾರೆ ಅಂತ ಯಾವಾಗಲೂ ಕೆಳಗಿಂದಲೇ ನೋಡುತ್ತಿದ್ದವಳು ಇವತ್ತು ಮೇಲಕ್ಕೆ ಹೋದಳು, ಮೊದಲನೆಯ ವಿಳಾಸ ಅಕ್ಕನದು, ಎರಡು ವರ್ಷದ ಹಿಂದೆ ಪತ್ರ ಹೋಗುತ್ತದೋ ಇಲ್ಲವೋ ನೋಡೋಣ ಅಂತ ಇವಳೇ ಹಾಕಿ ಮರೆತದ್ದು, ಅದರ ಪಕ್ಕದಲ್ಲಿ ಹಸಿರು ಗುರುತು, ತೆರೆದು ಓದಿದವರಿಗೆ ಬೀಳುವ ಗುರುತು, ಕಚ್ಚಾ ರೆಕಾರ್ಡಿಂಗ್ ಹೋದ ಪತ್ರಕ್ಕೆ, ತಪ್ಪಾಯ್ತು ಅಳಿಸಿಬಿಡಿ ಅಂದ ಪತ್ರಕ್ಕೆ, ಎರಡಕ್ಕೂ, ಅದೇ ದಿನ, ಅಂದರೆ ಮೊದಲ ಲೈಟಿಗಿಂತ ಮುಂಚೆ, ಅಂದರೆ ಇವರೆಲ್ಲ ಕೇಳಿದ್ದಾರೆ ಅಂತ ಗೊತ್ತಿದ್ದೇ ಅಕ್ಕ, ಎಲ್ಲ ಗೊತ್ತಿದ್ದೇ, ಹಣೆಗೆ ಕೈ ಅಡ್ಡ ಹಿಡಿದು, ಮೊದಲ ಸಾಲು, ಎರಡನೆಯ ಸಾಲು, ಒಬ್ಬೊಬ್ಬರದೇ ಮುಖ ನೋಡಿದ್ದು, ಹಣೆಗೆ ಕೈ ಅಡ್ಡ ಹಿಡಿದು, ಅಕ್ಕ