ಅತ್ತೆಗೆ ಹೇಳಲಾಗದ ಪಾಠ

ದನದ ಡಾಕ್ಟರಮ್ಮ ಎಂಥ ಮೊಂಡು ಹೋರಿಯ ಬಾಯನ್ನಾದರೂ ತೆರೆಸಬಲ್ಲವರು. ಸ್ವಂತ ಅಳಿಯನ ಬಾಯಿ ತೆರೆಸುವುದು ಮಾತ್ರ ಅವರ ಕೈಲಿ ಆಗಿರಲಿಲ್ಲ. ಮದುವೆಯಾಗಿ ಮಗು ಶಾಲೆಗೆ ಹೋಗುವಷ್ಟಾಗಿದ್ದರೂ ಅಳಿಯ ಅತ್ತೆಯೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದ. ಉಪ್ಪು ಬೇಕಾದರೂ ಹೆಂಡತಿಯ ಬಾಯಲ್ಲೇ ಕೇಳಿಸುತ್ತಿದ್ದ. ಅಂಥವನ ಕೊರಳಿಗೆ ಬಂದು ಬಿತ್ತು, ಅತ್ತೆಗೆ ಗಾಡಿ ಕಲಿಸುವ ಕೆಲಸ.

ಗಾಡಿ ಎಂದರೆ ಎಟಿವಿ. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಹೊಟ್ಟೆ ಉಬ್ಬರಿಸಿದ ಗೂಳಿಯಂಥ ಮೈ. ಮಂಡಿ ಸವೆದು ಅತ್ತೆಗೆ ಗುಡ್ಡದ ಮೇಲಿನ ಕುರಿದೊಡ್ಡಿಗಳಿಗೆ ನಡೆಯಲಾಗದೆ ಹೋದಾಗ ಇಲಾಖೆ ಕೊಟ್ಟದ್ದು. ಆದರೆ ಇಲಾಖೆಯ ಇನ್ಸ್‌ಪೆಕ್ಟರ ಎದುರು ಓಡಿಸಿ ತೋರಿಸಬೇಕು. ತಪ್ಪಿದರೆ ದೊಡ್ಡಿಗಳು ಬೇರೆಯವರಿಗೆ, ಅತ್ತೆಗೆ ಕಚೇರಿಯ ಮೇಜು. ಮೇಜಿನ ಮುಂದೆ ಕೂರಿಸಿದರೆ ಅತ್ತೆ ಒಂದೋ ಸೊರಗಿಹೋಗುತ್ತಾರೆ, ಇಲ್ಲವೇ ಗುಮಾಸ್ತರ ತುಟಿ ಎತ್ತಿ ಹಲ್ಲು ನೋಡಲು ಶುರುಮಾಡುತ್ತಾರೆ ಎಂದು ಅಳಿಯನಿಗೆ ಗೊತ್ತಿತ್ತು. ಮರದ ಡಿಪೋದಲ್ಲಿ ಇಂಥದ್ದೇ ಗಾಡಿಯಲ್ಲಿ ದಿಮ್ಮಿ ಎಳೆಯುವವನು ಅವನು. ಕಲಿಸಲು ಬೇರೆ ಯಾರಿದ್ದಾರೆ?

ಡಿಪೋದ ಹಿಂದಿನ ಬಯಲಿನಲ್ಲಿ ಹಳೇ ಟೈರುಗಳನ್ನಿಟ್ಟು ಪಾಠ ಶುರುವಾಯಿತು. ಅಳಿಯ ಕೈ ಕಟ್ಟಿ ನಿಂತ. ನಡುವೆ ಹೆಂಡತಿ.

"ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯಾ ಅಂತ ಕೇಳು," ಎಂದ ಮೆಲ್ಲಗೆ.

"ಅಮ್ಮಾ, ಪಟ್ಟಿ ಬಿಗಿಯಾಗಿದೆಯಾ ಅಂತೆ."

"ಬಿಗಿಯಾಗಿದೆ ಅಂತ ಹೇಳೇ. ಅವರಿಗೆ ನಾನು ಕಾಣಲ್ವಾ? ಗೋಡೆ ಏನಾದ್ರೂ ಇದೆಯಾ ನಡುವೆ?"

ಹ್ಯಾಂಡಲಿನ ಎಕ್ಸಿಲರೇಟರನ್ನು ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದರೆ ಗಾಡಿ ಹೊರಡುತ್ತದೆ. ಅಷ್ಟು ಮಾತು ಹೆಂಡತಿಯ ಮೂಲಕ ಸರಿಯಾಗಿಯೇ ತಲುಪಿತು. 'ಮೆತ್ತಗೆ' ಎಂಬುದು ಮಾತ್ರ ತುಸು ತಡವಾಗಿ ತಲುಪಿತು. ಗೂಳಿ ಗುಟುರು ಹಾಕಿ ನೆಗೆಯಿತು.

"ಬ್ರೇಕ್ ಹಿಡೀಬೇಕು ಅಂತ ಹೇಳೇ!"

"ಅಮ್ಮಾ, ಬ್ರೇಕ್ ಹಿಡೀಬೇಕಂತೆ!"

ಆ 'ಅಂತೆ' ಮುಟ್ಟುವಷ್ಟರಲ್ಲಿ ಅತ್ತೆ ಮರದ ಹೊಟ್ಟಿನ ರಾಶಿಯನ್ನು ಹೊಕ್ಕಾಗಿತ್ತು. ರಾಶಿ ಕೆಮ್ಮಿತು, ಸೀನಿತು, ಆಮೇಲೆ ಮಾತಾಡಿತು: "ಸತ್ತಿಲ್ಲ. ಮುಂದೇನು ಕೇಳೇ."

ಅತ್ತೆ ಬುದ್ಧಿವಂತರು. ಸ್ಕೂಟರಿನ ಅಭ್ಯಾಸದಿಂದ ತಿರುವಿನಲ್ಲಿ ಕಾಲು ಕೆಳಗೆ ಬಿಡುತ್ತಿದ್ದರು. ಹಿಂದಿನ ಚಕ್ರ ಪಾದವನ್ನು ಎಳೆದುಕೊಳ್ಳುತ್ತದೆ ಎಂದು ತಿಳಿದದ್ದೇ ತಡ, ಕಾಲು ಗಾಡಿಯ ಫುಟ್‌ರೆಸ್ಟಿಗೆ ಅಂಟಿಕೊಂಡಿತು. ತಿರುವಿನ ಒಳಮಗ್ಗುಲಿಗೆ ವಾಲುವುದನ್ನು ಕಲಿತರು. ಹಿಂದೆ ಯಾರನ್ನೂ ಕೂರಿಸಬಾರದು ಎಂದದ್ದಕ್ಕೆ, "ನಿನ್ನ ಗಂಡ ಕೂರ್ತಾರಾ ಮೊದಲು ಕೇಳು," ಎಂದು ನಕ್ಕರು.

ಉಳಿದದ್ದು ಏರಿನ ಪಾಠ. ಏರು ಹತ್ತುವಾಗ ಸವಾರ ಸೀಟಿನಿಂದ ಎದ್ದು ಎದೆ ಮುಂದಕ್ಕೆ ಚಾಚಬೇಕು. ಭಾರವೆಲ್ಲ ಹಿಂದೆ ಉಳಿದರೆ ಮುಂದಿನ ಚಕ್ರ ಎದ್ದು ಗಾಡಿ ಮಗುಚುತ್ತದೆ. ಡಿಪೋದ ಆಳುಗಳಿಗೆ ಅವನು ಇದನ್ನು ಎರಡೇ ಮಾತಿನಲ್ಲಿ ಹೇಳುತ್ತಿದ್ದ: "ಅಂಡು ಎತ್ತು!" ಅದೇ ಮಾತನ್ನು ಹೆಣ್ಣು ಕೊಟ್ಟ ಅತ್ತೆಗೆ ಹೇಳುವುದೆಂದರೆ? ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಒಂದು ವಾಕ್ಯ ಕಟ್ಟಿಕೊಂಡು ಬಂದ.

"ಏರಿನಲ್ಲಿ ಅತ್ತೆಯವರು ಆಸನಕ್ಕೆ ಅಷ್ಟೊಂದು ಭಾರ ಕೊಡದಿದ್ದರೆ ಒಳ್ಳೆಯದು ಅಂತ ಹೇಳು."

ಹೆಂಡತಿ ಅಕ್ಷರ ಬಿಡದೆ ಒಪ್ಪಿಸಿದಳು. ಅತ್ತೆ ಹೆಲ್ಮೆಟ್ ತೆಗೆದರು. "ನಾನು ದಪ್ಪ ಅಂತಿದ್ದಾರಾ?"

"ಅಯ್ಯೋ, ಇಲ್ಲ ಇಲ್ಲ ಅಂತ ಹೇಳೇ!" ಅಳಿಯನ ಕಿವಿ ಕೆಂಪಾಯಿತು. ಪಾಠ ಅಲ್ಲಿಗೇ ನಿಂತಿತು. ಅತ್ತೆ ಆ ದಿನ ಅರ್ಧ ಊಟಕ್ಕೇ ಎದ್ದರು. ಬಯಲಿನ ದಿಬ್ಬ ತೀರ ಚಿಕ್ಕದು, ಮರುದಿನ ಅದನ್ನು ಕೂತೇ ಹತ್ತಿದರು. ಸಾಕಲ್ಲ ಎಂದು ಅಳಿಯ ತನ್ನನ್ನು ತಾನೇ ನಂಬಿಸಿಕೊಂಡ.

ಪರೀಕ್ಷೆಯ ದಿನ ಬಂದ ಇನ್ಸ್‌ಪೆಕ್ಟರು ಆ ದಿಬ್ಬವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಟೈರುಗಳ ಸುತ್ತ ಅತ್ತೆ ನೀರು ಹರಿದ ಹಾಗೆ ಹೋಗಿಬಂದ ಮೇಲೆ, ಬಯಲಿನಾಚೆಯ ಮಣ್ಣಿನ ಏರನ್ನು ತೋರಿಸಿ, "ಅದನ್ನ ಹತ್ತಿ ಡಾಕ್ಟರಮ್ಮಾ," ಎಂದರು.

ಅಳಿಯ ಗಾಬರಿಯಿಂದ ಸುತ್ತ ನೋಡಿದ. ಹೆಂಡತಿ ಮಗುವನ್ನು ಕರೆತರಲು ಶಾಲೆಗೆ ಹೋಗಿದ್ದಳು. ಏರಿನ ಪಕ್ಕಕ್ಕೆ ಓಡಿದ. ಅತ್ತೆ ಆಗಲೇ ನಡುವಿನಲ್ಲಿದ್ದರು, ಪೀಠಾಧಿಪತಿಗಳ ಹಾಗೆ ಸೀಟಿನಲ್ಲಿ ಗಟ್ಟಿಯಾಗಿ ಕೂತು.

"ಅತ್ತೆಯವರೇ... ದಯವಿಟ್ಟು... ಆಸನದಿಂದ..." ಎಂದ. ಎಂಜಿನ್ನಿನ ಸದ್ದು ಅದನ್ನು ನುಂಗಿತು. ಮುಂದಿನ ಚಕ್ರಗಳು ನೆಲ ಬಿಟ್ಟು ಎದ್ದವು. ಅಳಿಯನ ಬಾಯಿ ತಾನಾಗಿ ತೆರೆದುಕೊಂಡಿತು.

"ಏ ಅತ್ತೇ! ಅಂಡೆತ್ತೇ! ಎತ್ತೇ ಅಂದ್ರೆ! ಎದೆ ಮುಂದಕ್ಕೆ ಹಾಕೇ!"

ಡಿಪೋದ ಗರಗಸದವನು ಗರಗಸ ನಿಲ್ಲಿಸಿದ. ಅತ್ತೆ ಚಿಮ್ಮಿ ಎದ್ದು ಹ್ಯಾಂಡಲ್ ಮೇಲೆ ಬಾಗಿದರು. ಚಕ್ರಗಳು ಧೊಪ್ಪೆಂದು ನೆಲ ಕಚ್ಚಿದವು, ಗೂಳಿ ಗುರುಗುಟ್ಟುತ್ತ ನೆತ್ತಿ ಸೇರಿತು.

ಇಳಿದು ಬಂದ ಅತ್ತೆಯ ಕೈಯನ್ನು ಇನ್ಸ್‌ಪೆಕ್ಟರು ಕುಲುಕಿ, "ಪಾಸ್. ಕಲಿಸಿದೋರು ಯಾರು? ಬಾಯಿ ಜೋರು," ಎಂದರು. ಒಂದು ತಿಂಗಳು ಅದೇ ಬಾಯಿ ಇನ್ನೊಂದು ಗಾಡಿಯಲ್ಲಿ ಹಿಂದೆ ಹಿಂದೆ ಬರಬೇಕೆಂದೂ ಹೇಳಿದರು.

ಕಲಿಸಿದವನು ದಿಮ್ಮಿಗಳ ಹಿಂದೆ ಕುಕ್ಕರಗಾಲಿನಲ್ಲಿ ಅಡಗಿದ್ದ. ಅತ್ತೆ ಬಂದು ಎದುರು ನಿಂತರು.

"ಇಷ್ಟೇನಾ ಅಳಿಯಂದ್ರೇ? ಇಷ್ಟು ಹೇಳೋಕ್ಕೆ ಇಷ್ಟು ದಿನ ಬೇಕಾಯ್ತಾ? ಬೆಳಗಾದ್ರೆ ದನಗಳ ಹಿಂದೆ ನಿಂತು ನಾನು ಇನ್ನೇನು ನೋಡ್ತೀನಿ ಅಂದ್ಕೊಂಡಿದ್ದೀರಿ? ಇದಕ್ಕೋಸ್ಕರ ಅರ್ಧ ಊಟ ಬಿಟ್ಟೆನಲ್ರೀ!"

"ತಪ್ಪಾಯ್ತು ಅತ್ತೆ," ಎಂದ ಅಳಿಯ. ನಡುವೆ ಯಾರೂ ಇಲ್ಲದೆ ಮಾತು ಅವರಿಗೆ ನೇರವಾಗಿ ತಲುಪಿತು.

"ಏಳಿ, ಔಷಧಿ ಪೆಟ್ಟಿಗೆ ಕಟ್ಟಿ. ಮೇಲಿನ ದೊಡ್ಡೀಲಿ ಕುರಿಯೊಂದು ಕುಂಟ್ತಾ ಇದೆಯಂತೆ."

ಇಬ್ಬರೂ ಗುಡ್ಡ ಹತ್ತಿದರು, ಅತ್ತೆ ಮುಂದೆ, ಅಳಿಯ ಹಿಂದೆ. ಗಾಡಿಗಳ ಸದ್ದಿಗೆ ಕುರಿಗಳೆಲ್ಲ ಕಂಗಾಲಾಗಿ ಬೇಲಿಯ ಮೂಲೆಗೆ ಒತ್ತಿಕೊಂಡವು. ಅತ್ತೆ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಕೆದರಿದ ತಲೆಯಲ್ಲಿ ನಿಂತು ಕೂಗಿದರು: "ನಾನೇ ಕಣ್ರೇ!"

ಕುರಿಗಳು ಯೋಚಿಸಿದವು. ಆಮೇಲೆ ಒಂದೊಂದಾಗಿ ಬಂದವು. ಎಲ್ಲಕ್ಕಿಂತ ಹಿಂದೆ, ಕುಂಟುತ್ತ, ಆ ಒಂದು.