ಒಂದು ಹಿಡಿ ತೊಗರಿಬೇಳೆ

ಗುರುಬಸವ್ವನಿಗೆ ಸಿಟ್ಟು ಬಂದರೆ ದಾಂಡೇಲಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಆ ಸಾಲಿನ ಹತ್ತೂ ಮನೆಗಳಿಗೆ ಗೊತ್ತಾಗುತ್ತಿತ್ತು, ಪಾತ್ರೆ ತೊಳೆಯುವ ಸಪ್ಪಳದಲ್ಲೇ. ಎರಡು ತಿಂಗಳಿಂದ ಆ ಸಪ್ಪಳ ನಿಂತಿರಲಿಲ್ಲ. ಗಂಡ ದುರ್ಗಪ್ಪ ದೀಪಾವಳಿಗೆ ರಿಟೈರ್ ಆಗುವವನಿದ್ದ, ಆಮೇಲೆ ಕ್ವಾರ್ಟರ್ಸ್ ಬಿಡಬೇಕು. ಇರಲಿ, ಎಲ್ಲರೂ ಬಿಟ್ಟವರೇ. ಆದರೆ ಈ ಮಹಾರಾಯನಿಗೆ ಧಾರವಾಡ ಬೇಡ, ಹಳಿಯಾಳ ಬೇಡ, ಕಾರವಾರದ ಹೊರಗೆ ಸಮುದ್ರದ ದಂಡೆಯಲ್ಲಿ ಎದ್ದಿರುವ ಹೊಸ ಬಡಾವಣೆಯಲ್ಲೇ ಮನೆ ಬೇಕು! ಮೂವತ್ತನಾಲ್ಕು ವರ್ಷ ಬಾಯ್ಲರಿನ ಮುಂದೆ ನಿಂತವನಿಗೆ ಇನ್ನಾದರೂ ತಂಪು ಗಾಳಿ ಬೇಕಂತೆ.

ಗಾಳಿ ಅವನಿಗೆ, ಹೊಲ ಇವಳದು. ಮುಂಡಗೋಡದ ಹತ್ತಿರ ಅಪ್ಪ ಇವಳ ಹೆಸರಿಗೆ ಬರೆದುಕೊಟ್ಟ ಎರಡು ಎಕರೆ ಮಾರಿದರಷ್ಟೇ ಆ ಮನೆ ಕೊಳ್ಳುವುದಾಗುತ್ತಿತ್ತು. ಸೋಮವಾರ ಇವಳು ಸಹಿ ಹಾಕಿದರೆ ಹೊಲ ಹೋಯಿತು. ಅದಕ್ಕೇ ಒಂದೇ ಒಂದು ಮಾತು ಹೇಳಿದ್ದಳು.

"ಸಮುದ್ರದ ಬಾಜೂಕ ಬಾವಿ ನೀರು ಹೆಂಗಿರ್ತಾವೋ ಏನೋ. ನಾ ಬ್ಯಾಳಿ ಕುದಿಸಿ ನೋಡ್ತೇನಿ. ಬೆಂದ್ರ ಸಹಿ."

ಇದು ಅವಳ ಅವ್ವನಿಂದ ಬಂದ ರೂಢಿ. ಹೊಸ ಊರಿನ ನೀರು ಕಂಡರೆ ಮೊದಲು ಒಂದು ಹಿಡಿ ತೊಗರಿಬೇಳೆ ಹಾಕಿ ಕುದಿಸಬೇಕು. ಸಿಹಿ ನೀರೋ ಸವಳು ನೀರೋ ನಾಲಿಗೆಗೆ ಒಮ್ಮೊಮ್ಮೆ ತಿಳಿಯುವುದಿಲ್ಲ, ಕೆಟ್ಟ ನೀರಿನಲ್ಲಿ ಬೇಳೆ ಮಾತ್ರ ಎಷ್ಟು ಕುದಿಸಿದರೂ ಕಲ್ಲಿನಂತೆ ಉಳಿಯುತ್ತದೆ. ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಮೊದಲ ದಿನ ನಳದ ನೀರನ್ನು ಹೀಗೆ ಪರೀಕ್ಷೆ ಮಾಡಿದಾಗ ದುರ್ಗಪ್ಪ ಬಿದ್ದು ಬಿದ್ದು ನಕ್ಕಿದ್ದ. ಶಿಫ್ಟಿನವರಿಗೆಲ್ಲ ಹೇಳಿ ನಗಿಸಿದ್ದ. ಅಂಥವನು ಆ ಭಾನುವಾರ ಬೆಳಿಗ್ಗೆ, ಜೋಯಿಡಾ ಮೇಲಿಂದ ಕಾರವಾರಕ್ಕೆ ಹೋಗುವ ಬಸ್ಸಿಗೆ ಹೊರಟಾಗ, ಬಾಗಿಲಲ್ಲಿ ನಿಂತು ತಾನೇ ಕೇಳಿದ.

"ಬ್ಯಾಳಿ ತಗೊಂಡಿ ಇಲ್ಲೋ?"

ಗುರುಬಸವ್ವ ಹಿಗ್ಗಿದಳು. ಮೂವತ್ತು ವರ್ಷಕ್ಕಾದರೂ ಈ ಗಂಡಸಿಗೆ ಬುದ್ಧಿ ಬಂತಲ್ಲ ಶಿವನೇ ಎಂದುಕೊಂಡಳು. ಬಸ್ಸಿನಲ್ಲಿ ಕಿಟಕಿಯ ಸೀಟು ಅವನಿಗೇ ಬಿಟ್ಟುಕೊಟ್ಟಳು.

ಮನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆಂಪು ಹಂಚು, ಅಂಗಳದಲ್ಲಿ ಎರಡು ತೆಂಗು, ಗೇಟಿನಾಚೆ ನೂರು ಹೆಜ್ಜೆಗೆ ಸಮುದ್ರ. ಆದರೆ ತೋರಿಸಲು ಬಂದ ಏಜೆಂಟ್ ಮಹಾಬಳೇಶ್ವರ ಕೋಣೆಗಳನ್ನೆಲ್ಲ ದುರ್ಗಪ್ಪನಿಗೆ ತೋರಿಸಿ, ಅಡುಗೆಮನೆ ಬಂದಾಗ ಮಾತ್ರ ಇವಳ ಕಡೆ ತಿರುಗಿದ.

"ಅಮ್ಮಾ, ಇದು ನಿಮ್ಮ ರಾಜ್ಯ ನೋಡಿ."

ಎಲಾ ಇವನ! ಹೊಲ ಮಾರುವವಳು ನಾನು, ಇವನು ನನಗೆ ಪಾತ್ರೆ ತೊಳೆಯುವ ಜಾಗ ತೋರಿಸುತ್ತಾನೆ. ಅವಳ ಮೈ ಉರಿಯಿತು. ಅಂಗಳಕ್ಕೆ ಬಂದು ಮೂರು ಇಟ್ಟಿಗೆ ಜೋಡಿಸಿ, ತೆಂಗಿನ ಗರಿ ಮುರಿದು ಒಲೆ ಹಚ್ಚಿದಳು. ನಳಕ್ಕೆ ಬರುವುದು ಬಾವಿ ನೀರೇ ತಾನೇ, ಅದನ್ನೇ ಚೀಲದಲ್ಲಿ ತಂದ ಪಾತ್ರೆಗೆ ಹಿಡಿದು ಬೇಳೆ ಇಟ್ಟಳು. ಮಹಾಬಳೇಶ್ವರ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡ.

ಅರ್ಧ ತಾಸಿನಲ್ಲಿ ಬೇಳೆ ಬೆಣ್ಣೆಯಾಯಿತು. ಬೆರಳಲ್ಲಿ ಹಿಚುಕಿ ನೋಡಿದಳು, ಬಾಯಿಗೆ ಹಾಕಿಕೊಂಡಳು. ಸಿಟ್ಟೆಲ್ಲ ಇಳಿದು ನಗು ಬಂತು.

"ಆತ್ರಿ. ಸೋಮವಾರ ಸಹಿ ಹಾಕ್ತೇನಿ."

ದುರ್ಗಪ್ಪ ಸಮುದ್ರದ ಕಡೆ ಮುಖ ಮಾಡಿ ಎದೆ ತುಂಬ ಉಸಿರೆಳೆದುಕೊಂಡ. ಆ ಮುಖ ನೋಡಿ ಅವಳಿಗೂ ಹಿತವೆನಿಸಿತು.

ಪಾತ್ರೆ ತೊಳೆಯಲು ಕಂಪೌಂಡಿನ ಬದಿಗೆ ಹೋದಾಗ ಪಕ್ಕದ ಮನೆಯ ಮುದುಕಿ ಕಂಡಳು. ಗೋದುಬಾಯಿ ಎಂದು ಹೆಸರು ಹೇಳಿದಳು. ಗೇಟಿನ ಮುಂದೆ ಏಳೆಂಟು ಕೊಡಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು.

"ಇಷ್ಟ ಕೊಡಾ ಯಾಕ್ರಿ ಅಕ್ಕಾರ?"

"ಟ್ಯಾಂಕರ್ ಬರ್ಬೇಕಲ್ಲ. ಈ ಸಾಲಿನ ಬಾವಿಗಳೆಲ್ಲ ಉಪ್ಪು. ಬಟ್ಟೆ ಒಗೆಯೋಕೆ ಸೈ, ಅಷ್ಟೇ."

"ಈ ಮನೀದು?"

"ಅದೂ ಹಾಗೇ. ನಿನ್ನೆ ಸಂಜೆ ಟ್ಯಾಂಕರಿನವ್ರು ಅಲ್ಲಿ ಮೇಲಿನ ಟ್ಯಾಂಕಿಗೆ ನೀರು ತುಂಬಿಸಿ ಹೋದ್ರು. ಖಾಲಿ ಮನೆಗೆ ಯಾಕಪ್ಪಾ ನೀರು ಅಂತ ನಾವೇ ಮಾತಾಡ್ಕೊಂಡ್ವಿ."

ಗುರುಬಸವ್ವ ಗೋದುಬಾಯಿಯಿಂದಲೇ ಹಗ್ಗ, ಬಕೆಟ್ ಕೇಳಿ ಪಡೆದು ಹಿತ್ತಲಿಗೆ ಹೋದಳು. ಬಾವಿಯ ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಕಲ್ಲನ್ನು ಕಾಲಿನಿಂದ ದೂಡಿ ತಗಡನ್ನು ಎಳೆದು ಒಗೆದ ಸಪ್ಪಳಕ್ಕೆ ದುರ್ಗಪ್ಪ ಓಡಿ ಬಂದ.

"ಒಮ್ಮೆ ಬೆಂದಾವಲ್ಲ, ಮತ್ತ ಏನ್ ಹಚ್ಚಿ? ಬಸ್ ತಪ್ಪತೈತಿ."

"ತಪ್ಪಲಿ."

ಚೀಲದಲ್ಲಿ ಉಳಿದಿದ್ದ ಬೇಳೆಗೆ ಬಾವಿ ನೀರು ಹಾಕಿ ಎರಡನೆಯ ಸಲ ಒಲೆ ಉರಿಸಿದಳು. ಅರ್ಧ ತಾಸಾಯಿತು, ಒಂದು ತಾಸಾಯಿತು. ನೀರು ಇಂಗಿದಂತೆ ಬಾವಿಯಿಂದ ಮತ್ತೆ ಸೇದಿ ಹಾಕಿದಳು. ಬೇಳೆ ಮಾತ್ರ ತಳದಲ್ಲಿ ಗಲಗಲ ಎನ್ನುತ್ತ ಹಾಗೇ ಇತ್ತು. ದುರ್ಗಪ್ಪ ಒಲೆಯ ಹತ್ತಿರವೂ ಬರಲಿಲ್ಲ, ಸಮುದ್ರವನ್ನೂ ನೋಡಲಿಲ್ಲ. ಗೇಟಿನ ಚಿಲಕವನ್ನು ಹಾಕುತ್ತ ತೆಗೆಯುತ್ತ ನಿಂತಿದ್ದ.

ಗುರುಬಸವ್ವ ಎದ್ದಳು. ಎದ್ದವಳ ದನಿ ಮೂರು ಮನೆಯಾಚೆ ಕೇಳಿಸಿತು.

"ಏನೋ ಮಹಾಬಳೇಶ್ವರ! ಮೂರು ಬಿಟ್ಟವನ! ಟ್ಯಾಂಕರ್ ನೀರು ಕುಡಿಸಿ ಮನಿ ಮಾರ್ತೀ ಏನು? ನಮ್ಮನ್ನೇನ್ ಬಯಲುಸೀಮಿ ಮಬ್ಬರು ಅಂದ್ಕೊಂಡೀ? ನಮ್ಮಪ್ಪನ ಹೊಲಾ ಅದು, ಹಾದ್ಯಾಗ ಬಿದ್ದಿದ್ದಲ್ಲ!"

ಮಹಾಬಳೇಶ್ವರನಿಗೂ ರೇಗಿತು.

"ನನ್ನ ಮೇಲೆ ಯಾಕೆ ಕೂಗ್ತೀರಿ? ಹೋದ ತಿಂಗಳು ಇವರೊಬ್ರೇ ಬಂದಾಗ್ಲೇ ಬಾವಿ ಉಪ್ಪು ಅಂತ ಹೇಳಿದ್ದೆ. ನಮ್ಮವಳು ಬೇಳೆ ಕುದಿಸಿ ನೋಡ್ತಾಳೆ, ಟ್ಯಾಂಕಿಗೆ ಸಿಹಿನೀರು ಹಾಕಿಸಿಡಿ ಅಂದವ್ರು ಇವ್ರೇ. ಕೇಳಿ ಬೇಕಾದ್ರೆ!"

ಗೇಟಿನ ಚಿಲಕದ ಸಪ್ಪಳ ನಿಂತಿತು.

ಗುರುಬಸವ್ವ ಕೇಳಲಿಲ್ಲ, ಕೇಳುವುದೇನಿತ್ತು? ಬೆಳಿಗ್ಗೆ ಬಾಗಿಲಲ್ಲಿ ನಿಂತು "ಬ್ಯಾಳಿ ತಗೊಂಡಿ ಇಲ್ಲೋ" ಎಂದ ಬಾಯಿ ಕಣ್ಣ ಮುಂದೆ ಬಂತು. ಅದಕ್ಕೆ ತಾನು ಹಿಗ್ಗಿ ಕಿಟಕಿಯ ಸೀಟು ಬಿಟ್ಟುಕೊಟ್ಟದ್ದು ನೆನಪಾಗಿ ಸಿಟ್ಟು ನೆತ್ತಿಗೇರಿತು. ಅಂದು ಅವನು ಬೇಳೆ ಕಂಡು ನಕ್ಕಿದ್ದಕ್ಕೆ ಇಷ್ಟು ಸಿಟ್ಟು ಬಂದಿರಲಿಲ್ಲ. ಮೂವತ್ತು ವರ್ಷ ನಕ್ಕರೂ ನಡೆಯುತ್ತಿತ್ತು.

ಒಂದು ಚಮಚೆ ಬೇಳೆ ತೆಗೆದು, ಊದಿ ಆರಿಸಿ, ಗಂಡನ ಮುಂದೆ ಹಿಡಿದಳು.

"ತಿನ್ರಿ."

ದುರ್ಗಪ್ಪ ಬಾಯಿಗೆ ಹಾಕಿಕೊಂಡ. ಕಟಕ್ ಎಂದದ್ದು ಏಜೆಂಟನಿಗೂ ಕೇಳಿಸಿತು.

"ಬೆಂದಾವೇನ್ರಿ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಉಗುಳಲಿಲ್ಲ, ನುಂಗಲೂ ಇಲ್ಲ.

"ನೀರು ಉಪ್ಪು ಅದಾವ, ಆದ್ರೂ ನನಗ ಇಲ್ಲೇ ಇರಬೇಕನಸತೈತಿ ಅಂತ ಒಂದ ಮಾತು ಅಂದಿದ್ರ, ನಾ ದಿನಾ ಕೊಡಾ ಹಿಡ್ಕೊಂಡು ಟ್ಯಾಂಕರಿಗೆ ನಿಂದರ್ತಿದ್ದೆ. ಹೊಲಾನೂ ಕೊಡ್ತಿದ್ದೆ. ನಿಮ್ಮಾಣೆ ಕೊಡ್ತಿದ್ದೆ."

"ಹಂಗಾದ್ರ ಈಗ..." ಎಂದ ದುರ್ಗಪ್ಪ, ಬೇಳೆ ಇನ್ನೂ ದವಡೆಯಲ್ಲೇ ಇತ್ತು.

"ಈಗಿಲ್ಲ."

ಕುದಿಯುವ ನೀರನ್ನು ಬೇಳೆಸಮೇತ ಒಲೆಗೆ ಸುರಿದಳು. ಹಗ್ಗ, ಬಕೆಟ್ಟನ್ನು ಗೋದುಬಾಯಿಗೆ ಮುಟ್ಟಿಸಿ ರಸ್ತೆ ಹಿಡಿದಳು. ದುರ್ಗಪ್ಪ ಹಿಂದೆ ಬರುತ್ತಿದ್ದಾನೋ ಇಲ್ಲವೋ ತಿರುಗಿ ನೋಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ದಾಂಡೇಲಿಯ ಬಸ್ಸು ಹೊತ್ತು ಮೀರಿದರೂ ಇನ್ನೂ ನಿಂತಿತ್ತು. ಅವಳು ಒಳಗೆ ಹೋಗಿ ಕಿಟಕಿಯ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಳು.