ದಾರಿಗೆ ಹೊತ್ತ ಸಗಣಿ

ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುತ್ತಿದ್ದ ಓಬುಲೇಶನ ಕೈ ಅಲ್ಲೇ ನಿಂತಿತು. ಸಾಹುಕಾರರ ಆಳು ಚಿತ್ತಪ್ಪ ಕೇರಿಯೊಳಗೆ ಕಾಲಿಡದೆ, ಬೇವಿನ ಮರದ ಕೆಳಗೆ ಬೈಕಿನ ಮೇಲೆ ಕೂತೇ ಕೂಗಿದ.

"ನಿನ್ನೆಯಿಂದ ಕೊಟ್ಟಿಗಿ ಬಳದಿಲ್ಲ. ಆಕಳೆಲ್ಲ ಸಗಣ್ಯಾಗ ನಿಂತಾವ. ನಾಳೆಯಿಂದ ನಿಮ್ಮ ಮನ್ಯಾಗಿಂದ ಯಾರು ಬರ್ತೀರಿ? ಕೇಳ್ಕೊಂಡು ಬಾ ಅಂದ್ರು ಸಾಹುಕಾರ್ರು."

ಅವ್ವ ಶಂಕ್ರಮ್ಮನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಚಿನ್ನಕ್ಕ ತಲೆ ಎತ್ತಲಿಲ್ಲ. "ಮಣ್ಣು ಮಾಡಾಕರ ಬಿಡ್ರಿ, ಚಿತ್ತಪ್ಪಣ್ಣ."

"ಬ್ಯಾಡ ಅಂದೋರು ಯಾರು? ಹೆಣ ಹೋಗೂದು ಸಾಹುಕಾರ್ರ ಬದುವಿನ ಮ್ಯಾಲೆ ತಾನೆ. ಅದಕ್ಕ, ಚಟ್ಟ ಏಳೂದ್ರಾಗ ಒಂದು ಮಾತು ಹೇಳಿಬಿಡ್ರಿ."

ಶಂಕ್ರಮ್ಮನ ತರಕಾರಿ ಮಡಿಗಳು ಸಾಹುಕಾರರ ಹೊಲದಾಚೆಗಿದ್ದವು. ಆ ತುಂಡು ನೆಲದ ಮೂಲೆಯಲ್ಲೇ ಗಂಡನನ್ನು ಮಣ್ಣು ಮಾಡಿದ್ದಳು. ತನ್ನನ್ನೂ ಅಲ್ಲೇ ಇಡಿ ಅಂದಿದ್ದಳು. ಗುಂಡಿ ನಸುಕಿನಲ್ಲೇ ತೋಡಿ ಆಗಿತ್ತು.

ಓಬುಲೇಶ ತಂಗಿ ಚಿನ್ನಕ್ಕನ ಕಿವಿಯ ಹತ್ತಿರ ಬಗ್ಗಿದ. "ಹೂಂ ಅಂದ್ಬಿಡು. ನಾಳಿದ್ದು ನಾಳೆ."

"ನೀ ಹೋಗ್ತೀಯೇನು?"

ಅವನು ಬಳ್ಳಾರಿಗೆ ಗಾರೆ ಕೆಲಸಕ್ಕೆ ಹೋಗುವವನು. ಹೂಂ ಅಂದರೆ ಹೋಗಬೇಕಾದವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು.

"ದಾರಿ ಐತಂತ ತಹಶೀಲ್ದಾರ್ರ ಆಫೀಸಿನ ಕಾಗದದಾಗ ಐತಲ್ಲ," ಅಂದಳು ಚಿನ್ನಕ್ಕ.

"ಕಾಗದದ ಮ್ಯಾಲೆ ಚಟ್ಟ ಹೊತ್ಕೊಂಡು ಹೋಗಾಣೇನು?" ನೆರೆಮನೆಯ ಗಂಗಣ್ಣ ಗೊಣಗಿದ. ಸಾವಿನ ಅಂಗಳದಲ್ಲೂ ಒಂದಿಬ್ಬರು ನಕ್ಕರು.

*

ಕೊಟ್ಟಿಗೆ ಬಳಿದವರಿಗೆ ಸಗಣಿ, ಅದೇ ಕೂಲಿ. ಈ ಕೇರಿಗೆ ಸೊಸೆಯಾಗಿ ಬಂದ ದಿನದಿಂದ ಶಂಕ್ರಮ್ಮ ಬೆಳಕು ಹರಿಯುವ ಮುಂಚೆ ಎದ್ದು ಸಾಹುಕಾರರ ಕೊಟ್ಟಿಗೆಗೆ ಹೋಗುತ್ತಿದ್ದಳು. ಗಂಡನನ್ನು ಬಿಟ್ಟು ತವರಿಗೆ ಬಂದ ಚಿನ್ನಕ್ಕನಿಗೆ ಅದನ್ನು ನೋಡಿ ಮೈ ಉರಿಯುತ್ತಿತ್ತು. ಒಂದು ಸಲ ಹಟ ಹಿಡಿದು ಯರ್ರಿಸ್ವಾಮಿಯ ಕುರಿಹಟ್ಟಿಯಿಂದ ಹಸಿ ಹಿಕ್ಕೆ ತಂದು ಬದನೆ ಸಸಿಗಳ ಬುಡಕ್ಕೆ ಸುರಿದು ನೀರು ಬಿಟ್ಟಳು. ವಾರದೊಳಗೆ ಎಲೆಯ ಅಂಚೆಲ್ಲ ಸೀದು ಸುರುಟಿತು.

"ಕುರಿ ಗೊಬ್ಬರ ಕಾವಿಂದು, ಸಗಣಿ ತಂಪಿಂದು," ಅಂತ ನಕ್ಕಳು ಅವ್ವ. "ಹಸಿ ಬಾಣಂತಿಗೆ ಮೆಣಸಿನಕಾಯಿ ತಿನಿಸಿದಂಗ ಮಾಡೀಯಲ್ಲ ತಾಯಿ."

ನಕ್ಕವಳು ಸುಮ್ಮನೆ ಕೂರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮಡಿ ಖಾಲಿಯಾದಾಗ ತಾನೇ ಯರ್ರಿಸ್ವಾಮಿಯನ್ನು ಕರೆದು, ಕುರಿಮಂದೆಯನ್ನು ರಾತ್ರಿ ಅಲ್ಲೇ ಮಲಗಿಸಿದಳು. ಹಿಕ್ಕೆಯನ್ನು ಮಣ್ಣಿಗೆ ಬೆರೆಸಿ, ಮಳೆ ಬಿದ್ದು ಕಾವು ಇಳಿದ ಮೇಲೆ ಸಸಿ ಊರಿದಳು. ಆ ವರ್ಷ ಗಿಡಗಳು ಕಾಯಿಯ ಭಾರಕ್ಕೆ ನೆಲಕ್ಕೆ ಬಾಗಿದವು.

ಆದರೂ ಅವ್ವ ಬೆಳಗಾಗುವ ಮುಂಚೆ ಎದ್ದು ಕೊಟ್ಟಿಗೆಗೆ ಹೊರಟಳು.

"ಇನ್ನ ಯಾಕ ಹೋಗ್ತೀ? ಕುರಿ ಗೊಬ್ಬರ ಸಾಲೂದಿಲ್ಲೇನು?" ಚಿನ್ನಕ್ಕ ಬಾಗಿಲಿಗೆ ಅಡ್ಡ ನಿಂತಳು.

ಅವ್ವ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. "ನಾ ಗೊಬ್ಬರಕ್ಕ ಹೋಗ್ತೀನಿ ಅಂದ್ಕೊಂಡೀಯೇನು? ದಾರಿಗೆ ಹೋಗ್ತೀನಿ."

ಅಂದಿನಿಂದ ಹೊತ್ತು ತಂದ ಸಗಣಿಯನ್ನು ಅವಳು ಮಡಿಗೆ ಹಾಕಲೇ ಇಲ್ಲ. ಅದು ಅಂಚಿನಲ್ಲಿ ಬಿದ್ದು ಬಿದ್ದು ಒಣಗಿತು.

*

ಚಿನ್ನಕ್ಕ ಎದ್ದು ನಿಂತಳು. "ಈ ಮನಿಯಿಂದ ಯಾರೂ ಬರೂದಿಲ್ಲಂತ ಹೇಳ್ರಿ."

"ಹಂಗಂದ್ರ ಬದುವಿಗೆ ಮುಳ್ಳು ಬಡಿತೀವಿ."

"ಬಡೀರಿ."

ಬೈಕು ಹೋದ ಮೇಲೂ ಯಾರೂ ಚಟ್ಟಕ್ಕೆ ಕೈ ಹಾಕಲಿಲ್ಲ. "ದೊಡ್ಡ ಮಾತಾಡಿದಿ. ಅವ್ವನ್ನ ಎಲ್ಲಿಡ್ತೀ ಈಗ?" ಓಬುಲೇಶನ ದನಿ ಒಡೆಯಿತು.

ಗೋಡೆಗೆ ಒರಗಿ ಕೂತಿದ್ದ ಕುರಿಗಾರ ಯರ್ರಿಸ್ವಾಮಿ ಕಂಬಳಿ ಕೊಡವಿದ. "ನನ್ನ ಕುರಿ ನಿಮ್ಮ ತೋಟಕ್ಕ ಹಳ್ಳದಾಗ ಹಾದು ಬರ್ತಾವ. ಹಳ್ಳ ಯಾರಪ್ಪಂದೂ ಅಲ್ಲ. ಸುತ್ತು ಆಗ್ತತಿ, ಜಾಲಿ ಐತಿ. ಏಳ್ರಿ."

ಹಳ್ಳದ ಮರಳಲ್ಲಿ ಕಾಲು ಹೂತುಹೋದವು. ಜಾಲಿ ಮುಳ್ಳು ಹೆಣದ ಸೀರೆಯನ್ನು ಹಿಡಿದೆಳೆಯಿತು. ಕೊನೆಯ ದಿಬ್ಬ ನೆಟ್ಟಗಿತ್ತು. ಹೊತ್ತವರು ಮಂಡಿಯೂರಿ, ಕೆಳಗಿನವರು ಅಂಗೈ ಕೊಟ್ಟು ತಳ್ಳಿ, ಶಂಕ್ರಮ್ಮನನ್ನು ಮೇಲಕ್ಕೆ ಎತ್ತಿದರು. ಮಳೆಗಾಲದಲ್ಲಿ ಇಲ್ಲಿ ಸೊಂಟಮಟ್ಟ ನೀರು. ಮುಂದೆ ಬದನೆ ಮೂಟೆ ಇದೇ ದಿಬ್ಬ ಇಳಿಯಬೇಕು, ತನ್ನ ತಲೆಯ ಮೇಲೆ. ಚಿನ್ನಕ್ಕ ಆ ಮಣ್ಣನ್ನು ಹಿಮ್ಮಡಿಯಿಂದ ಒದ್ದು ನೋಡಿದಳು. ಮೆಟ್ಟಿಲು ಕಡಿಯಲು ಬರುವಷ್ಟು ಗಟ್ಟಿಯಿತ್ತು.

ಮಣ್ಣು ಕೊಟ್ಟಾಯಿತು. ಹೊತ್ತು ಇಳಿಯುತ್ತಿತ್ತು.

"ಅಣ್ಣಾ, ಮಡಿ ಖಾಲಿ ಅದಾವ," ಅಂದಳು ಯರ್ರಿಸ್ವಾಮಿಗೆ. "ಇವತ್ತು ಕುರಿ ಇಲ್ಲೇ ಮಲಗಿಸ್ರಿ."

"ಇವತ್ತೇ ಏನವ್ವ?"

"ಇವತ್ತೇ."

ಕುರಿಗಳು ಹಳ್ಳದಿಂದ ಒಂದರ ಹಿಂದೊಂದು ಹತ್ತಿ ಬಂದವು. ಅವ್ವನ ಗುಂಡಿಯ ಹೊಸ ಮಣ್ಣನ್ನು ಮೂಸಿ, ಸುತ್ತಲೂ ಮುಂಗಾಲು ಮಡಿಚಿ ಕೂತವು. ಬದುವಿನ ಮೇಲೆ ಹಸಿ ಜಾಲಿಯ ಬೇಲಿ ಎದ್ದಿತ್ತು. ಅದರಾಚೆ ಚಿತ್ತಪ್ಪ ನಡೆದು ಬರುತ್ತಿದ್ದ, ತಲೆಯ ಮೇಲೆ ಸಗಣಿ ಪುಟ್ಟಿ. ಕೊಟ್ಟಿಗೆ ಬಳಿಯುವುದು ಈಗ ಅವನ ಪಾಲಿಗೆ ಬಂದಿತ್ತು; ಸಗಣಿ ಹೋಗುತ್ತಿದ್ದ ದಾರಿ ಇದೊಂದೇ ಅವನಿಗೆ ಗೊತ್ತಿತ್ತು. ಪುಟ್ಟಿಯ ಕೆಳಗೆ ಬಟ್ಟೆಯ ಸಿಂಬೆ ಇಟ್ಟುಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕುತ್ತಿಗೆ ನಡುಗುತ್ತಿತ್ತು, ಪುಟ್ಟಿಯ ಸಂದಿನಿಂದ ಹಸಿರು ನೀರು ಕಿವಿಯ ಮೇಲೆ ಇಳಿಯುತ್ತಿತ್ತು. ತಾನೇ ಬಡಿದ ಮುಳ್ಳಿನ ಮುಂದೆ ಬಂದು, ಎಲ್ಲಿ ಸುರಿಯಬೇಕೆಂದು ತಿಳಿಯದೆ, ಎರಡೂ ಕೈ ಮೇಲೆತ್ತಿ ಹಿಡಿದುಕೊಂಡೇ ನಿಂತ.